ಮೂರು ಹೊಲಿಗೆಯ ಕುಬಸ

ನಾನು ಗುಳೇದಗುಡ್ಡದ ಮಗ್ಗದಲ್ಲಿ ಹುಟ್ಟಿದ ಖಣ, ರವಿಕೆಯ ಬಟ್ಟೆ. ಕುಬಸವಾದದ್ದು ಆಮೇಲೆ. ನವಿಲುಗೊರಳಿನ ಬಣ್ಣ, ಎರಡೂ ಬದಿಗೆ ಕೆಂಪು ದಡಿ, ಮೈತುಂಬ ಗೋಧಿಕಾಳಿನಷ್ಟು ಸಣ್ಣ ಹೂಗಳು. ಹೊಸದರಲ್ಲಿ ಚೆಂದವಿದ್ದೆ ಎಂದು ಈಗ ನಾನೇ ಹೇಳಿಕೊಳ್ಳಬೇಕು, ಬೇರೆ ಯಾರೂ ಹೇಳುವುದಿಲ್ಲ. ನನ್ನನ್ನು ನೇಯ್ದವರ ಮುಖ ನೆನಪಿಲ್ಲ, ಕಾಲು ನೆನಪಿದೆ. ಮಗ್ಗದ ಕುಣಿಯಲ್ಲಿ ಇಳಿಬಿಟ್ಟ ಆ ಎರಡು ಕಾಲು ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದಲ್ಲಿ ತುಳಿಯುತ್ತಿದ್ದವು. ಅವಸರವಿಲ್ಲ, ಆಲಸ್ಯವಿಲ್ಲ. ಮನುಷ್ಯರೆಲ್ಲ ಹೀಗೇ ಇರುತ್ತಾರೆ ಎಂದುಕೊಂಡು ನಾನು ಲೋಕಕ್ಕೆ ಬಂದೆ. ಎಂಥ ಭ್ರಮೆ!

ಗದಗಿನ ಅಂಗಡಿಯೊಂದರಲ್ಲಿ ಮುಕ್ಕೋನ ಮಡಿಕೆಯಾಗಿ ಕುಳಿತಿದ್ದಾಗ, ಶ್ರಾವಣದ ಹೊತ್ತಿಗೆ, ಮಹಾಂತೇಶ ಎಂಬ ಸಣಕಲು ಮನುಷ್ಯ ಬಂದು ನನ್ನನ್ನು ಆರಿಸಿಕೊಂಡ. ಮದುವೆ ಕಾರ್ಡು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಅವನಿಗೆ ಕೆಲಸ. ಬೆರಳ ಸಂದಿಯಲ್ಲೆಲ್ಲ ಕೆಂಪು ಮಸಿ. ಪಂಚಮಿಗೆ ಅಕ್ಕನಿಗೆ ಕೊಡಲು ಅವನಿಗೆ ಖಣ ಬೇಕಿತ್ತು. ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ತವರಿಗೆ ಬರಬೇಕು, ಜೋಕಾಲಿ ಜೀಕಬೇಕು, ಎಳ್ಳುಂಡಿ, ಶೇಂಗಾ ಉಂಡಿ, ಬೇಸನ್ ಉಂಡಿ ಎಂದು ಕೈಗೆ ಬಂದದ್ದನ್ನೆಲ್ಲ ತಿನ್ನಬೇಕು, ಅಣ್ಣತಮ್ಮಂದಿರು ಕೊಟ್ಟದ್ದನ್ನು ಉಡಿಯಲ್ಲಿ ಹಾಕಿಕೊಂಡು ಹೋಗಬೇಕು. ಅವನ ಅಕ್ಕ ನೀಲಾಂಬಿಕೆಗೆ ತವರು ದೂರವೇನಲ್ಲ, ಬೆಟಗೇರಿಯಲ್ಲೇ ಎರಡು ಓಣಿ ಆಚೆ. ತಾಯಿ ಹೋದಾಗ ಮಹಾಂತೇಶನಿಗೆ ಒಂಬತ್ತು ವರ್ಷ, ಅವಳಿಗೆ ಹದಿನಾರು. ಅಂದಿನಿಂದ ಅವನಿಗೆ ತಲೆ ಬಾಚಿ, ಊಟ ಹಾಕಿ, ಕೊನೆಗೆ ಹೆಣ್ಣು ನೋಡಿ ಮದುವೆ ಮಾಡಿದವಳೂ ಅವಳೇ.

ನೀಲಾಂಬಿಕೆ ಸರಕಾರಿ ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳಿಗೆ ಅರ್ಧ, ಕಾಲು, ಮುಕ್ಕಾಲು ಕಲಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ತನ್ನ ಬದುಕಿಗೆ ಮಾತ್ರ ಅವಳಿಟ್ಟುಕೊಂಡದ್ದು ಎರಡೇ ಅಂಕಿ, ಒಂದು ಇಲ್ಲವೇ ಸೊನ್ನೆ. ಹಾರ್ಮೋನಿಯಂ ಕಲಿಯುತ್ತೇನೆಂದು ಹೊರಟರೆ ಒಂದು ತಿಂಗಳು ಮನೆಯವರಿಗೆ ಕಿವಿ ಇಲ್ಲದಂತೆ ಮಾಡುವಳು. ಒಂದು ದಿನ ತಪ್ಪಿತೋ, ಆ ಪೆಟ್ಟಿಗೆ ಅಟ್ಟ ಸೇರುವುದು. ಹೆಣೆಯಲು ಕುಳಿತ ಸ್ವೆಟರಿಗೆ ಒಂದೇ ತೋಳು. ಅವಳ ಗಂಡ ಚನ್ನವೀರ ಮಾತು ಕಡಿಮೆಯ ಮನುಷ್ಯ. ಆ ಒಂಟಿ ತೋಳನ್ನು ರೇಡಿಯೋಕ್ಕೆ ಗವಸು ಮಾಡಿ ಹಾಕಿದ್ದ. ಹೇಳಬೇಕಾದ್ದನ್ನು ಅವನು ಹಾಗೆಯೇ ಹೇಳುತ್ತಿದ್ದ.

ನನ್ನನ್ನು ಹೊಲಿದದ್ದು ಇಮಾಮಜ್ಜ. ಬೆಟಗೇರಿಯ ಅರ್ಧ ಹೆಣ್ಣುಮಕ್ಕಳ ಅಳತೆ ಅವನ ತಲೆಯಲ್ಲಿತ್ತು. ಅವನದೊಂದು ಪದ್ಧತಿ: ಬಗಲಿನಿಂದ ಕೆಳಗೆ, ಒಳಗಡೆ, ಎರಡು ಬೆರಳು ಬಟ್ಟೆ ಮಡಚಿಡುತ್ತಿದ್ದ. ಒಂದರ ಪಕ್ಕ ಒಂದು ಮೂರು ಹೊಲಿಗೆ ಹಾಕುತ್ತಿದ್ದ. ಒಳಗಿನದು ಬಿಗಿ, ನಡುವಿನದು ಹದ, ಹೊರಗಿನದು ಸಡಿಲ.

“ಅಜ್ಜಾ, ಒಳಗ ಇಷ್ಟ್ಯಾಕ ಬಟ್ಟಿ ಬಿಟ್ಟೀರಿ? ಚುಚ್ಚತೈತಿ” ಎಂದಳು ನೀಲಾಂಬಿಕೆ.

“ಇರ್ಲಿ ಬಿಡ್ರಿ ಟೀಚರ. ಹೆಣ್ಮಕ್ಕಳ ಮೈ ಒಂದ ನಮೂನಿ ಇರ್ತೈತೇನ? ಹಡೀತಾರ, ಜಡ್ಡು ಬೀಳ್ತಾರ, ಹಬ್ಬ ಹುಣ್ಣಿವಿ ಬರ್ತಾವ. ಬಿಗಿ ಆದ್ರ ಒಂದು ಬಿಚ್ರಿ, ಸಡ್ಲ ಆದ್ರ ಒಂದು ಹಾಕ್ರಿ. ಮುಗೀತು.”

ನೀಲಾಂಬಿಕೆಗೆ ಅಲ್ಲೇ ಎರಡು ಬಿಚ್ಚಿಸಬೇಕಾಯಿತು. ಹೊರಗಿನ ಸಡಿಲ ಹೊಲಿಗೆಯೊಂದನ್ನೇ ನಂಬಿ ನಾನು ಅವಳ ಮೈಗೇರಿದೆ. ಮೈ ದುಂಡಗೆ, ಬೆಚ್ಚಗೆ ಇತ್ತು. ಅದರ ಬಗ್ಗೆ ಅವಳಿಗೆ ಆಗ ಯಾವ ಚಿಂತೆಯೂ ಇರಲಿಲ್ಲ. ನನಗೂ ಇರಲಿಲ್ಲ.

ದೀಪಾವಳಿಯ ಹೊತ್ತಿಗೆ ಮಹಾಂತೇಶನ ಕಾಲು ಬಾತವು. ಆಮೇಲೆ ಮುಖ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ವೈದ್ಯರು ಎರಡೂ ಕಿಡ್ನಿ ಹೋಗಿವೆ ಎಂದರು. ಆ ದಿನ ನಾನು ನೀಲಾಂಬಿಕೆಯ ಮೈಮೇಲಿದ್ದೆ, ಅದಕ್ಕೇ ಅಲ್ಲಿ ನಡೆದದ್ದನ್ನು ಸರಿಯಾಗಿ ಹೇಳಬಲ್ಲೆ. ವೈದ್ಯರನ್ನು ಬಿಟ್ಟರೆ ಕೋಣೆಯಲ್ಲಿ ದೊಡ್ಡವರು ಮೂವರು. ಹಾಸಿಗೆಯ ಮೇಲೆ ಮಹಾಂತೇಶ, ಗೋಡೆಗೆ ಒರಗಿ ಅವನ ಹೆಂಡತಿ ಕಸ್ತೂರಿ, ಎದುರು ಕುರ್ಚಿಯ ತುದಿಯಲ್ಲಿ ನಾವು. ಕಸ್ತೂರಿಯ ಹೆಗಲ ಮೇಲೆ ಎರಡು ವರ್ಷದ ಮಗಳು ನಿದ್ದೆ ಮಾಡುತ್ತಿದ್ದಳು. ದೊಡ್ಡವಳು ಮನೆಯಲ್ಲಿ.

“ಮನಿಯವರ ಪೈಕಿ ಯಾರರ...” ಎಂದು ವೈದ್ಯರು ಶುರುಮಾಡಿದರು.

“ನಂದು ತಗೊಳ್ರಿ” ಎಂದಳು ನೀಲಾಂಬಿಕೆ. ಅವರ ಮಾತು ಮುಗಿದಿರಲೇ ಇಲ್ಲ. “ಆಕಿಗೆ ಸಣ್ಣ ಹುಡುಗ್ರದಾವ್ರಿ, ಆಕೀನ ಏನೂ ಕೇಳಬ್ಯಾಡ್ರಿ. ನಾ ಕೊಡ್ತೀನಿ.”

ನನ್ನ ಎಡಬದಿಯ ಕೆಳಗೆ ಅವಳ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಭಯಕ್ಕಲ್ಲ, ಸಂತೋಷಕ್ಕೆ. ತಮ್ಮನಿಗೆ ಕೊಡಲು ತನ್ನ ಹತ್ತಿರ ಒಂದು ಇದೆಯಲ್ಲ ಎಂಬ ಸಂತೋಷ. ಕಸ್ತೂರಿ ನೆಲ ನೋಡುತ್ತ ನಿಂತಿದ್ದಳು. ಒಂದು ಮಾತೂ ಆಡಲಿಲ್ಲ. ನಾನು ಅದನ್ನು ಮನಸ್ಸಿನಲ್ಲಿಟ್ಟುಕೊಂಡೆ.

ರಕ್ತದ ಗುಂಪು ಕೂಡಿತು. ಮೂಲೆಯಲ್ಲಿದ್ದ ತೂಕದ ಯಂತ್ರ ಮಾತ್ರ ಕೂಡಲಿಲ್ಲ. ಎಂಬತ್ನಾಲ್ಕು ಕಿಲೋ, ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ. “ಎಪ್ಪತ್ತೆರಡಕ್ಕ ಬರ್ರಿ” ಎಂದರು ವೈದ್ಯರು. “ಬರೇ ಇಳಿಸಿ ಬರೂದಲ್ಲ ಮತ್ತ. ಆಪರೇಷನ್ ಮಟ ಅಲ್ಲೇ ಇರಬೇಕು. ಇಳಸೂದು ಭಾಳ ಮಂದಿ ಇಳಸ್ತಾರ.” ಆ ಕೊನೆಯ ಮಾತು ನೀಲಾಂಬಿಕೆಗೆ ಕೇಳಿಸಲಿಲ್ಲ. ಅವಳ ಮನಸ್ಸು ಆಗಲೇ ಬಸ್ಸು ಹತ್ತಿ ಮನೆಗೆ ಹೋಗಿ ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಾಗಿತ್ತು.

ಮರುದಿನ ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿತು. ಅನ್ನ ಇಲ್ಲ, ಬೆಲ್ಲ ಇಲ್ಲ, ಎಣ್ಣೆ ಇಲ್ಲ, ಮಿರ್ಚಿ ಇಲ್ಲವೇ ಇಲ್ಲ. ಹೊತ್ತಿಗೊಂದು ರೊಟ್ಟಿ, ಹಸಿ ಸೌತೆಕಾಯಿ, ಬೆಳಿಗ್ಗೆ ಆರಕ್ಕೆ ನಡಿಗೆ. ಜೊತೆಗೆ ಕಸ್ತೂರಿ ಬಂದಳು. ಎರಡನೆಯ ಹೆರಿಗೆಯ ನಂತರ ಅವಳ ಮೈಯೂ ಏರಿತ್ತು. “ನಡೀರಿ ಅಕ್ಕಾರ, ನಿಮ್ಮ ಜೋಡಿ ನಾನೂ ಬರ್ತೀನಿ” ಎಂದಷ್ಟೇ ಹೇಳಿದಳು. ನೀಲಾಂಬಿಕೆ ಮುಂದೆ ಹಲ್ಲು ಕಚ್ಚಿ ಓಡಿದ ಹಾಗೆ ನಡೆಯುವಳು. ಹಿಂದೆ ನೂರು ಹೆಜ್ಜೆ ದೂರದಲ್ಲಿ ಕಸ್ತೂರಿ, ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸುತ್ತ, ಮೆಂತ್ಯದ ಸಿವುಡು ಕೊಂಡು ಬಗಲಲ್ಲಿಟ್ಟುಕೊಂಡು ಬರುವಳು. ಅವಳ ಮನೆಯಲ್ಲಿ ಹಾಳೆಯೂ ಇಲ್ಲ, ಶಪಥವೂ ಇಲ್ಲ. ನೀಲಾಂಬಿಕೆ ಹಿಂದಿರುಗಿ ನೋಡಿ ನಗುತ್ತಿದ್ದಳು. ನಾನೂ ಒಳಗೊಳಗೇ ನಕ್ಕಿದ್ದೇನೆ, ಸುಳ್ಳೇಕೆ ಹೇಳಲಿ.

ನಾಲ್ಕು ತಿಂಗಳಲ್ಲಿ ನೀಲಾಂಬಿಕೆ ಎಪ್ಪತ್ತೊಂದಕ್ಕೆ ಬಂದಳು. ಮನೆಯಲ್ಲಿ ತೂಕದ ಯಂತ್ರವಿರಲಿಲ್ಲ, ಅವಳ ಯಂತ್ರ ನಾನೇ. ಸಂಕ್ರಾಂತಿಗೆ ನಡುವಿನ ಹೊಲಿಗೆ ಹಾಕಿಸಿದಳು, ಶಿವರಾತ್ರಿಗೆ ಒಳಗಿನದು. ಶಾಲೆಯಲ್ಲಿ ಎಲ್ಲರೂ ಹೊಗಳುವವರೇ. ಆ ಹೆಮ್ಮೆಯಲ್ಲಿ ಅವಳು ನನ್ನನ್ನು ಇಮಾಮಜ್ಜನ ಮುಂದೆ ಚೆಲ್ಲಿ, “ಒಳಗಿನ ಬಟ್ಟಿ ಕತ್ತರಿಸಿ ಒಗೀರಿ” ಎಂದಳು.

ಇಮಾಮಜ್ಜ ಕನ್ನಡಕ ಮೇಲೇರಿಸಿದ. “ಯಾಕ್ರೀ ಟೀಚರ? ಒಳಗ ಸುಮ್ನ ಬಿದ್ದೈತಿ. ಅದೇನ ನಿಮ್ಮನ್ನ ಊಟ ಕೇಳತೈತೇನ?”

“ಹಿಂದಕ್ಕ ಹೋಗು ಹಾದಿನ ಇರಬಾರದು ಅಜ್ಜಾ. ಅದಿದ್ರ ಮನಸ್ಸು ಸಡ್ಲ ಬಿಡತೈತಿ.”

“ಹಾದಿ ಕಡದ್ರ ಹೋಗಾವರು ನಿಲ್ತಾರೇನ್ರಿ? ಮನಿಗೆ ಬರಾಕ ಆಗಂಗಿಲ್ಲ ಅಷ್ಟ.” ಹೀಗೆ ಗೊಣಗಿಕೊಂಡೇ ಕತ್ತರಿ ಹಾಕಿದ. ಎರಡೂ ಬಗಲಲ್ಲಿ ನನ್ನ ಮೈಯ ಎರಡೆರಡು ಬೆರಳು ನೆಲಕ್ಕೆ ಬಿತ್ತು. ನೋವೇನೂ ಆಗಲಿಲ್ಲ. ಆದರೂ ಇದು ಬೇಡವಾಗಿತ್ತು ಎಂದು ಆಗಲೇ ಅನ್ನಿಸಿತ್ತು.

ಆಪರೇಷನ್ನಿಗೆ ದಿನ ಗೊತ್ತಾಯಿತು. ಅದಕ್ಕೆ ವಾರವಿರುವಾಗ ಮಹಾಂತೇಶನಿಗೆ ಕೆಮ್ಮು, ಸಂಜೆ ಸಂಜೆ ಜ್ವರ. ಪರೀಕ್ಷೆ ಮಾಡಿದರೆ ಕ್ಷಯ. ಅದರ ಔಷಧಿ ಆರು ತಿಂಗಳು ಮುಗಿಯುವವರೆಗೆ ಆಪರೇಷನ್ ಮಾತೇ ಇಲ್ಲ ಎಂದರು. ವಾರಕ್ಕೆರಡು ಸಲ ಅವನೂ ಕಸ್ತೂರಿಯೂ ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಹೋಗಿ, ಯಂತ್ರದಲ್ಲಿ ರಕ್ತ ತೊಳೆಸಿಕೊಂಡು, ಸಂಜೆ ಜೋಲುಮೋರೆಯಲ್ಲಿ ಬರುವರು. ನೀಲಾಂಬಿಕೆ ಮಾಡಬೇಕಾದದ್ದು ಒಂದೇ ಒಂದು, ಇದ್ದ ಹಾಗೆಯೇ ಇರುವುದು. ಓಡು ಎಂದಿದ್ದರೆ ಇನ್ನೂ ಹತ್ತು ಕಿಲೋ ಇಳಿಸುತ್ತಿದ್ದಳು. ನಿಲ್ಲು ಎಂದರು. ನಿಲ್ಲುವ ಕೆಲಸಕ್ಕೆ ಚಪ್ಪಾಳೆಯಿಲ್ಲ. ದಿನ ಬೆಳಗಾದರೆ ಅದೇ ರೊಟ್ಟಿ, ಅದೇ ಸೌತೆಕಾಯಿ, ಅದೇ ಎಪ್ಪತ್ತೊಂದು. ಬಿಗಿ ಹಿಡಿದು ಹಿಡಿದು ಅವಳು ದಣಿದಳು. ಅವಳ ಬೆನ್ನಿನ ಬೆವರಿನಲ್ಲೇ ಆ ದಣಿವು ನನಗೆ ಗೊತ್ತಾಗುತ್ತಿತ್ತು.

ಹಾಗೇ ಪಂಚಮಿ ಬಂತು. ಮಹಾಂತೇಶನ ಮನೆಯ ಪಡಸಾಲೆಯಲ್ಲಿ ತೊಲೆಗೆ ಜೋಕಾಲಿ ಕಟ್ಟಿದ್ದರು. ಕಸ್ತೂರಿ ತಾಟಿನ ತುಂಬ ಉಂಡಿ ತಂದಿಟ್ಟಳು. ಎಳ್ಳು, ಶೇಂಗಾ ಎಲ್ಲ ಮಹಾಂತೇಶನಿಗೆ ವರ್ಜ್ಯ. ಅವನು ಜೋಕಾಲಿಯ ಮೇಲೆ ಕುಳಿತು ಒಂದು ಉಂಡಿ ಎತ್ತಿ, ಮೂಸಿ ನೋಡಿ, ಅಕ್ಕನ ಮುಂದೆ ಹಿಡಿದ.

“ಅಕ್ಕಾ, ಈ ವರ್ಷ ನನಗ ಉಂಡಿ ಇಲ್ಲ. ನನ್ನ ಪಾಲಿಂದು ನೀ ತಿನ್ನು. ನಾ ಕುಂತು ನೋಡ್ತೀನಿ.”

ನಮ್ಮ ಕಡೆಯ ಯಾವ ಅಕ್ಕ ಆ ಕೈಯನ್ನು ಹಿಂದೆ ಸರಿಸುತ್ತಾಳೆ? ನೀಲಾಂಬಿಕೆ ತಿಂದಳು. ಅಳುತ್ತ ನಗುತ್ತ ಒಂದು ಶೇಂಗಾ ಉಂಡಿ, ಒಂದು ಎಳ್ಳುಂಡಿ. ಕಸ್ತೂರಿಯೂ ಎರಡು ತಿಂದಳು, ನಾನೇ ನೋಡಿದ್ದೇನೆ. ಆ ದಿನದಲ್ಲಿ ತಪ್ಪೇನೂ ಇರಲಿಲ್ಲ. ತಪ್ಪಾದದ್ದು ಮರುದಿನ ಬೆಳಿಗ್ಗೆ. ಆರಕ್ಕೆ ಕಸ್ತೂರಿ ಬಾಗಿಲಿಗೆ ಬಂದಳು, ಎಂದಿನಂತೆ. ನೀಲಾಂಬಿಕೆ ಒಳಗಿನಿಂದಲೇ ತಲೆನೋವು ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಗೋಡೆಯ ಹಾಳೆ ಹರಿದಳು. “ಒಮ್ಮೆ ಮುರೀತಲ್ಲ, ಇನ್ನೇನೈತಿ” ಎಂದು ಅವಳು ತನಗೆ ತಾನೇ ಹೇಳಿಕೊಂಡದ್ದು ನನಗೆ ಕೇಳಿಸಿತು. ಎರಡು ಉಂಡಿಯಿಂದ ಯಾರೂ ದಪ್ಪಗಾಗುವುದಿಲ್ಲ. ಆ ಒಂದು ಮಾತಿನಿಂದ ಆಗುತ್ತಾರೆ.

ಮೊದಲು ಬಗಲು ಬಿಗಿಯಾಯಿತು, ಆಮೇಲೆ ಎದೆ. ನನ್ನೊಳಗೆ ಬಟ್ಟೆ ಇದ್ದಿದ್ದರೆ ಅವಳು ಇಮಾಮಜ್ಜನ ಹತ್ತಿರ ಹೋಗಿ ಒಂದು ಹೊಲಿಗೆ ಬಿಚ್ಚಿಸಿಕೊಳ್ಳುತ್ತಿದ್ದಳು. ಅಜ್ಜ ಮಾತಾಡದೆ ಒಂದು ಸಲ ಕನ್ನಡಕದ ಮೇಲಿಂದ ನೋಡುತ್ತಿದ್ದ. ಸ್ವಲ್ಪ ನಾಚಿಕೆ, ಸ್ವಲ್ಪ ಎಚ್ಚರ. ಎರಡು ಕಿಲೋದಲ್ಲೇ ಮಾತು ಮುಗಿಯುತ್ತಿತ್ತೋ ಏನೋ. ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಒಂದು ಸೋಮವಾರ ಶಾಲೆಗೆ ಹೊರಡುವಾಗ ನಡುವಿನ ಹುಕ್ಕು ಚಟ್ಟೆಂದು ಹಾರಿತು. ಅವಳು ನನ್ನನ್ನು ಕಳಚಿ, ಮಡಚಿ, ಟ್ರಂಕಿನ ತಳದಲ್ಲಿ ಡಾಂಬರು ಗುಳಿಗೆಯ ಜೊತೆ ಹಾಕಿ ಚಿಲಕ ಹಾಕಿದಳು. ಆ ಮನೆಯಲ್ಲಿ ಅವಳಿಗೆ ನಿಜ ಹೇಳುತ್ತಿದ್ದದ್ದು ನಾನೊಂದೇ. ನನ್ನನ್ನು ಮುಚ್ಚಿಟ್ಟ ಮೇಲೆ ಎಲ್ಲ ಸುಸೂತ್ರ. ಮೂರು ತಿಂಗಳು ಅವಳು ತೂಕದ ಹೆಸರೆತ್ತಲಿಲ್ಲ.

ಔಷಧಿ ಮುಗಿಯಿತು, ಕ್ಷಯ ಹೋಯಿತು, ಆಸ್ಪತ್ರೆಯಿಂದ ಕರೆ ಬಂತು. ನಾನು ಹೋಗಲಿಲ್ಲ, ಟ್ರಂಕಿನಲ್ಲಿದ್ದೆ. ಸಂಜೆ ಅವಳು ಬಂದು ಅದೇ ಟ್ರಂಕಿನ ಮೇಲೆ ಧೊಪ್ಪನೆ ಕುಳಿತಾಗ ಎಲ್ಲ ತಿಳಿಯಿತು. ಎಂಬತ್ತೊಂದು. ವೈದ್ಯರು ಹಿಂದಕ್ಕೆ ಕಳಿಸಿದ್ದರು. ಮಹಾಂತೇಶ ರೈಲಿನಲ್ಲಿ ಒಂದು ಮಾತೂ ಬೈದಿರಲಿಲ್ಲವಂತೆ. ಅದನ್ನೇ ಹೇಳಿ ಹೇಳಿ ಅತ್ತಳು. “ಬೈದಿದ್ರ ಚಲೋ ಇತ್ತು. ‘ಇರ್ಲಿ ಬಿಡಕ್ಕ’ ಅಂದ. ನಾ ಏನು ಮನಶ್ಯಾಳೇನ್ರಿ?” ಚನ್ನವೀರ ಚಹಾ ಮಾಡಿ ತಂದುಕೊಟ್ಟ, ಸಕ್ಕರೆ ಹಾಕದೆ.

ಎರಡನೆಯ ಸಲ ಅವಳು ಇಳಿದದ್ದನ್ನು ಇಳಿಯುವುದು ಎನ್ನಬಾರದು, ಬೀಳುವುದು ಎನ್ನಬೇಕು. ಹಾಳೆಯಲ್ಲಿ ಈ ಸಲ ಒಂದೇ ಸಾಲು, ಮಜ್ಜಿಗೆ ಮತ್ತು ನೀರು. ಶಿವರಾತ್ರಿಗೆ ಎಪ್ಪತ್ತಮೂರು. ಅದೇ ವಾರ ಹಲಗೆಯ ಮೇಲೆ ಲೆಕ್ಕ ಬರೆಯುತ್ತಿದ್ದವಳು ಸೀಮೆಸುಣ್ಣ ಹಿಡಿದೇ ನೆಲಕ್ಕೆ ಬಿದ್ದಳು. ಪರೀಕ್ಷೆಗಳೆಲ್ಲ ಏರುಪೇರು. ವೈದ್ಯರಿಗೆ ಸಿಟ್ಟು ಬಂತಂತೆ. “ಹಿಂಗ ಉಪವಾಸ ಬಿದ್ದು ಬರಬ್ಯಾಡ್ರಿ. ನಿಧಾನ ಇಳಿಸಿ, ಆರು ತಿಂಗಳು ಒಂದ ತೂಕದಾಗ ಇದ್ದು ತೋರಸ್ರಿ, ಆಮ್ಯಾಲ ಮಾತಾಡೋಣು” ಎಂದರಂತೆ. ಗುಡ್ಡ ಹತ್ತು ಎಂದಿದ್ದರೆ ಹತ್ತುತ್ತಿದ್ದಳು. ಬಸವ ಜಯಂತಿಯ ಹೊತ್ತಿಗೆ ಎಂಬತ್ತೆರಡು.

ಆ ದಿನಗಳಲ್ಲೇ ಒಂದು ಮಧ್ಯಾಹ್ನ ಟ್ರಂಕು ತೆರೆಯಿತು. ನನ್ನ ತೋಳಿನಲ್ಲಿ ಕೈ ತೂರಿಸಲು ನೋಡಿದಳು. ಮೊಣಕೈ ದಾಟಲಿಲ್ಲ. ಕಸ್ತೂರಿ ಏನನ್ನೋ ಕೊಡಲು ಬಂದಿದ್ದಳು, ಅವಳ ಮುಂದೆ ನನ್ನನ್ನು ಎಸೆದಳು. “ನೀನ ಒಯ್ಯಿ ಇದನ್ನ. ಇದು ಕಣ್ಣಿಗೆ ಬಿದ್ರ ನನಗ ತಲಿ ಕೆಡತೈತಿ.”

ಹೀಗೆ ನಾನು ಎರಡು ಓಣಿ ದಾಟಿ, ಬಂದ ಮನೆಗೇ ಹಿಂದಿರುಗಿದೆ. ಕಸ್ತೂರಿಗೆ ನಾನು ಸಡಿಲ. ಇಮಾಮಜ್ಜ ಒಳಗೆ ಒಂದೊಂದು ಬೆರಳು ಮಡಚಿ ಹೊಸದಾಗಿ ಎರಡು ಹೊಲಿಗೆ ಹಾಕಿದ. “ನೋಡ್ರಿ, ಮತ್ತ ಒಳಗ ಬಟ್ಟಿ ಬಂತು” ಎಂದು ತಾನೇ ಖುಷಿಪಟ್ಟ.

ಕಸ್ತೂರಿಯ ಮೈಮೇಲೆ ಬದುಕುವುದೆಂದರೆ ಏನೂ ನಡೆಯದಿರುವುದು. ಹೆರಿಗೆಯ ನಂತರ ಎಪ್ಪತ್ತರ ಹತ್ತಿರ ಹೋಗಿದ್ದವಳು ಆ ಮೊದಲ ವರ್ಷ ನಿಧಾನವಾಗಿ ಅರವತ್ತೆರಡಕ್ಕೆ ಬಂದಿದ್ದಳು. ಅಲ್ಲೇ ಇದ್ದಳು. ಮದುವೆ ಮನೆಗೆ ಹೋದರೆ ಗೋಧಿ ಹುಗ್ಗಿ ಹಾಕಿಸಿಕೊಂಡು ತುಪ್ಪ ಹಚ್ಚಿ ಉಣ್ಣುವಳು. ಮರುದಿನ ಆರಕ್ಕೆ ಎದ್ದು ನಡೆಯಲು ಹೋಗುವಳು. ನಾನು ಬಗಲಲ್ಲಿ ಬಿಗಿಯಾದೆನೋ, “ಅಯ್ಯ, ಬಂತಲ್ಲ ಸ್ವಲ್ಪ” ಎಂದು ಒಂದು ವಾರ ರಾತ್ರಿಗೆ ಒಂದು ರೊಟ್ಟಿ ಕಡಿಮೆ ಮಾಡುವಳು. ಯಾರಿಗೂ ಹೇಳುವುದಿಲ್ಲ, ತನ್ನ ಮೇಲೆ ಸಿಟ್ಟೂ ಇಲ್ಲ. ಮಗ್ಗದ ಕುಣಿಯ ಆ ಕಾಲುಗಳ ಹದ ನನಗೆ ಮತ್ತೆ ಸಿಕ್ಕಿತ್ತು.

ಆದರೆ ನನಗೆ ಅವಳ ಮೇಲೆ ಕೋಪವಿತ್ತು. ಯಾವ ವೈದ್ಯರೂ ಬೇಡ ಎನ್ನದಂಥ ಮೈ, ವರ್ಷದಿಂದ ಒಂದೇ ತೂಕ. ಗಂಡ ದಿನೇ ದಿನೇ ಇಳಿಯುತ್ತಿದ್ದಾನೆ. ತೋಳಿನಲ್ಲಿ ಸೂಜಿ ಚುಚ್ಚಿ ಚುಚ್ಚಿ ಗಂಟುಗಳೆದ್ದಿವೆ, ಕುಡಿಯುವ ನೀರಿಗೂ ಸಣ್ಣ ಲೋಟದ ಅಳತೆ. ಇವಳ ಬಾಯಿಂದ ಒಂದು ಮಾತಿಲ್ಲ. ಕೊಡುತ್ತೇನೆಂದವಳಿಗೆ ಮೈ ಮಾತು ಕೇಳುವುದಿಲ್ಲ, ಮೈ ಮಾತು ಕೇಳುವವಳಿಗೆ ಕೊಡುವ ಮನಸ್ಸಿಲ್ಲ ಎಂದು ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಬಟ್ಟೆಯ ಬುದ್ಧಿ ಎಷ್ಟಿರುತ್ತದೆ!

ಕಾರಹುಣ್ಣಿಮೆ ಕಳೆದ ಮೇಲೆ ಒಂದು ಭಾನುವಾರ. ಕಸ್ತೂರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ನೀಲಾಂಬಿಕೆ ಗೋಡೆಗೆ ಒರಗಿ ಬಿಸಿನೀರಿನ ಲೋಟ ಹಿಡಿದು ಕುಳಿತಿದ್ದಳು. ಮೂರನೆಯ ಸಲ ಶುರುಮಾಡಿ ಮೂರನೆಯ ದಿನ. ತುಟಿ ಒಣಗಿತ್ತು. “ಈ ಸಲ ಬಿಡಂಗಿಲ್ಲ ನೋಡ ಕಸ್ತೂರಿ. ಸತ್ರೂ ಬಿಡಂಗಿಲ್ಲ” ಎನ್ನುತ್ತಿದ್ದಳು.

ಕಸ್ತೂರಿ ರೊಟ್ಟಿ ತಿರುವಿ ಹಾಕಿ, ಬೆನ್ನು ಹಾಕಿಕೊಂಡೇ ಹೇಳಿದಳು, “ಅಕ್ಕಾರ, ಹ್ವಾದ ತಿಂಗಳ ಇವರ ಜೋಡಿ ಹುಬ್ಬಳ್ಳಿಗೆ ಹೋದಾಗ ನನ್ನ ರಕ್ತಾನೂ ಕೊಟ್ಟು ಬಂದಿದ್ದೆ. ಎಲ್ಲಾ ತಪಾಸಣಿ ಮಾಡಿದ್ರು. ಕೂಡತೈತಂತ.”

ಲೋಟ ನೆಲಕ್ಕೆ ಕುಕ್ಕಿದ ಸದ್ದು. “ಏನಂದಿ?”

“ನಂದ ಕೊಡೂದಂತ ಮಾಡೀನ್ರಿ.”

ನೀಲಾಂಬಿಕೆ ಎದ್ದು ನಿಂತಳು. ಅಂಥ ಸಿಟ್ಟನ್ನು ಅವಳ ಮುಖದಲ್ಲಿ ನಾನು ನೋಡಿರಲಿಲ್ಲ. “ನನ್ನ ಒಂದು ಮಾತು ಕೇಳದ? ಅವಗ ಒಂಬತ್ತು ವರ್ಷದಾಂವ ಇದ್ದಾಗಿಂದ ಉಣ್ಣಾಕ ಹಾಕಿದಾಕಿ ನಾನು. ಕೊಡ್ತೀನಿ ಅಂತ ಅಂದಾಕಿ ನಾನು! ಒಂದೂವರಿ ವರ್ಷ ಬಾಯಾಗ ಮಣ್ಣು ಹಾಕ್ಕೊಂಡು ಕುಂತಿದ್ದಿ, ಈಗ ಬಂತೇನ ನಿನಗ ಧೈರ್ಯ?”

ಕಸ್ತೂರಿ ಒಲೆ ಸಣ್ಣ ಮಾಡಿ ತಿರುಗಿ ಕುಳಿತಳು. ಅವಳ ಎದೆಯೂ ಡವಡವ ಎನ್ನುತ್ತಿತ್ತು. ಅದು ನನಗೆ ಆಶ್ಚರ್ಯ, ಆ ಎದೆ ಹಾಗೆ ಹೊಡೆದುಕೊಂಡದ್ದು ನಾನು ಕೇಳಿರಲಿಲ್ಲ.

“ಧೈರ್ಯ ಇನ್ನೂ ಬಂದಿಲ್ರಿ” ಎಂದಳು. “ಆವತ್ತ ದವಾಖಾನ್ಯಾಗ ನೀವು ಕೊಡ್ತೀನಿ ಅಂದ್ರಲ್ಲ, ನನಗ ಹಗರಾತು. ಹಗರಾತು ಅಂತ ನಾಚಿಕೀನೂ ಬಂತು. ಹುಡುಗ್ರ ಮಕ ನೋಡಿದ್ರ ಬಾಯಿ ಬರ್ತಿರ್ಲಿಲ್ಲ. ನೀವು ಇಳಿಸಿದ್ರಿ, ಏರಿದ್ರಿ, ಬಿದ್ರಿ, ಮತ್ತ ಎದ್ರಿ. ಅದನ್ನ ನೋಡಿ ನೋಡಿ ನನ್ನ ಅಂಜಿಕಿ ಸವದು ಸವದು ಸಣ್ಣದಾತು. ಪೂರಾ ಹೋಗಿಲ್ಲ. ಹೋಗೂಮಟ ಕಾದ್ರ ಇವರು ಉಳ್ಯಂಗಿಲ್ಲ. ನಂದು ಎಲ್ಲಾ ನಿಧಾನ ಅಕ್ಕಾರ. ಮೈನೂ ನಿಧಾನ, ಬುದ್ಧಿನೂ ನಿಧಾನ.”

ನೀಲಾಂಬಿಕೆ ಗೋಡೆ ಹಿಡಿದು ಅಲ್ಲೇ ಕುಳಿತಳು. ಕಸ್ತೂರಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಬೆಣ್ಣೆ ತಾಟಿಗೆ ಹಾಕಿ ಮುಂದೆ ಸರಿಸಿದಳು. “ಉಣ್ರಿ. ಮೂರು ದಿನ ಆತು.” ನೀಲಾಂಬಿಕೆ ಉಂಡಳು. ಕಣ್ಣೀರು ತಾಟಿಗೆ ಬೀಳುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅದು ಬಿಡುಗಡೆಯ ಅಳುವೋ ಸೋಲಿನ ಅಳುವೋ ಅವಳಿಗೇ ಗೊತ್ತಿರಲಿಲ್ಲ, ನನಗೆ ಹೇಗೆ ಗೊತ್ತಾಗಬೇಕು.

ಆಪರೇಷನ್ ಆಯಿತು. ಇಬ್ಬರೂ ಉಳಿದರು. ಅವರು ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನ ಇಬ್ಬರು ಹೆಣ್ಣುಮಕ್ಕಳಿಗೂ ಜಡೆ ಹಾಕಿ, ಊಟ ಹಾಕಿ, ದೊಡ್ಡವಳನ್ನು ಶಾಲೆಗೆ ಕಳಿಸಿದವಳು ನೀಲಾಂಬಿಕೆ. ಒಂದು ತಿಂಗಳಾದ ಮೇಲೆ ಮೊದಲ ಸಲ ಕಸ್ತೂರಿಗೆ ನೀರೆರೆದದ್ದೂ ಅವಳೇ. ಎಡಗೈ ಎತ್ತಲು ಕಸ್ತೂರಿಗೆ ಇನ್ನೂ ನೋವು. ನೀಲಾಂಬಿಕೆ ನನ್ನ ತೋಳಿನಲ್ಲಿ ಅವಳ ಕೈ ತೂರಿಸಿ, ಮುಂದೆ ಕುಳಿತು ಒಂದೊಂದೇ ಹುಕ್ಕು ಹಾಕತೊಡಗಿದಳು. ನನ್ನ ಅಂಚಿನ ಕೆಳಗೆ, ಎಡಗಡೆ ಪಕ್ಕೆಯಲ್ಲಿ, ಗಾಯದ ಗುರುತು ಇನ್ನೂ ಕೆಂಪಗಿತ್ತು. ಅವಳ ಬೆರಳು ಅಲ್ಲಿ ಬಂದು ನಿಂತಿತು.

“ನನ್ನ ಕೈಲೆ ಆಗ್ಲಿಲ್ಲಲ್ಲ ಕಸ್ತೂರಿ” ಎಂದಳು.

ಬೇರೆ ಯಾರಾದರೂ ಆಗಿದ್ದರೆ ಹಾಗೇಕೆ ಅನ್ನುತ್ತೀರಿ ಎಂದು ಸಮಾಧಾನ ಹೇಳುತ್ತಿದ್ದರು. ಕಸ್ತೂರಿ ಸುಳ್ಳು ಹೇಳುವವಳಲ್ಲ. “ಆಗ್ಲಿಲ್ಲ ಖರೆ” ಎಂದಳು. ನೀಲಾಂಬಿಕೆ ಉಳಿದ ಹುಕ್ಕುಗಳನ್ನು ಹಾಕಿದಳು.

ಇದೆಲ್ಲ ಆಗಿ ಹನ್ನೊಂದು ವರ್ಷ. ಕಸ್ತೂರಿ ಇವತ್ತಿಗೂ ಅರವತ್ತೆರಡರ ಆಚೀಚೆ. ಅವಳ ಮೈಮೇಲೆ ಒಗೆಸಿಕೊಂಡು ಒಗೆಸಿಕೊಂಡು ನನ್ನ ಬಣ್ಣ ಹೋಯಿತು, ಬೆನ್ನು ಜಾಳಾಯಿತು. ಬಿಸಾಡಲು ತೆಗೆದಿಟ್ಟಾಗ ನೀಲಾಂಬಿಕೆ ಎತ್ತಿಕೊಂಡು ಬಂದಳು. ಬೆನ್ನಿನ ಭಾಗ ಚೌಕವಾಗಿ ಕತ್ತರಿಸಿ, ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಮಾವಿನ ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದಳು. ಇಬ್ಬರು ಹೆಂಗಸರ ಊಟವನ್ನು ಕಾದ ನಾನು ಈಗ ಉಪ್ಪಿನಕಾಯಿ ಕಾಯುತ್ತಿದ್ದೇನೆ. ಉಪ್ಪು ಖಾರದ ಘಾಟಿಗೆ ಒಂದೊಂದೇ ಎಳೆ ಸಡಿಲಾಗುತ್ತಿದೆ. ದಣಿದಿದ್ದೇನೆ, ಇನ್ನು ಹೆಚ್ಚು ದಿನ ತಡೆಯಲಾರೆ.

ಇಳಿಸಿದ ತೂಕವನ್ನು ಇಳಿಸಿದಲ್ಲೇ ಇಟ್ಟುಕೊಳ್ಳುವುದು ಮನಸ್ಸಿನ ಬಲ ಎನ್ನುತ್ತಾರೆ ಜನ. ಎರಡೂ ಮೈಮೇಲೆ ಇದ್ದು ಬಂದ ನನಗೆ ಹಾಗೆ ಅನ್ನಿಸುವುದಿಲ್ಲ. ಬಲ ನೀಲಾಂಬಿಕೆಯಲ್ಲೇ ಹೆಚ್ಚಿತ್ತು. ಕಸ್ತೂರಿಯಲ್ಲಿದ್ದದ್ದು ಸ್ವಭಾವ. ಒಂದು ದಿನ ತಪ್ಪಿದರೆ ಮರುದಿನ ಏನೂ ಆಗಿಲ್ಲವೆಂಬಂತೆ ಚಪ್ಪಲಿ ಮೆಟ್ಟಿ ಹೊರಡುವ ಸ್ವಭಾವ. ಅದನ್ನು ಅವಳು ಗಳಿಸಿದ್ದಲ್ಲ, ಇವಳು ಕಳೆದುಕೊಂಡದ್ದೂ ಅಲ್ಲ. ಹುಟ್ಟುವಾಗ ಬಂದ ನೇಯ್ಗೆ ಅದು.

ನೀಲಾಂಬಿಕೆ ಈಗ ಎಂಬತ್ತರಲ್ಲಿದ್ದಾಳೆ. ಸಕ್ಕರೆ ಗುಳಿಗೆ ನುಂಗುತ್ತಾಳೆ, ಶಪಥ ಮಾಡುವುದನ್ನು ಬಿಟ್ಟಿದ್ದಾಳೆ. ಮಹಾಂತೇಶ ವಾರಕ್ಕೊಮ್ಮೆಯಾದರೂ ಬರುತ್ತಾನೆ. ಮೈ ತುಂಬಿದೆ, ತಲೆ ನರೆತಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಕ್ಕಾ, ಒಂದು ಹೋಳು ಉಪ್ಪಿನಕಾಯಿ” ಎನ್ನುತ್ತಾನೆ. ಉಪ್ಪು ಅವನಿಗೆ ಬೇಡ ಎಂದು ಬೈಯುತ್ತಲೇ ಅವಳು ನನ್ನ ಗಂಟು ಬಿಚ್ಚುತ್ತಾಳೆ. ಬಿಚ್ಚುವಾಗ ಪ್ರತಿ ಸಲವೂ, ಅವನಿಗೆ ತಿಳಿಯದಂತೆ, ಅವನ ಅಂಗಿಯ ಮೇಲೆ, ಕಸ್ತೂರಿಯ ಕಿಡ್ನಿ ಕೂಡಿಸಿದ ಹೊಟ್ಟೆಯ ಬಲಗಡೆಗೆ, ಒಮ್ಮೆ ಕಣ್ಣು ಹಾಯಿಸುತ್ತಾಳೆ. ಅವನು ಬದುಕಿದ್ದಾನೆ ಎಂಬ ಸಂತೋಷ ಆ ಕಣ್ಣಿನಲ್ಲಿ ತುಂಬಿರುತ್ತದೆ. ಅಲ್ಲಿ ತನ್ನದು ಇರಬೇಕಿತ್ತು ಎಂಬುದೂ ಇರುತ್ತದೆ.